ಬೋರ್ಡಣ್ಣ ಬರೆದ ಎಡಗಣ್ಣು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಜೊತೆ ಕಣ್ಣು. ಬೋರ್ಡಣ್ಣ ಮೂವತ್ತು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಬರೆದವನು. ಎಡಗಣ್ಣು ಮುಚ್ಚಿ, ಕುಂಚ ಎತ್ತಿ ಹಿಡಿದು ಗೆರೆ ನೇರವಿದೆಯೇ ಎಂದು ನೋಡುವುದು ಅವನ ಪದ್ಧತಿ. ಆದರೆ ಅಕ್ಷರ ಬರೆಯುವವನನ್ನು ಯಾರಾದರೂ ಕಲಾವಿದ ಅಂತಾರೆಯೇ? ಆ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅವತ್ತು ಬೆಳಿಗ್ಗೆ, ಬೀದಿಗೆ ಹೊಸದಾಗಿ ಬಂದ ಕಣ್ಣಿನ ಡಾಕ್ಟರಮ್ಮ ಕರೆಸಿದರು. "ನನ್ನ ಬೋರ್ಡಿಗೆ ಅಕ್ಷರ ಬೇಡ, ಎರಡು ಕಣ್ಣು ಸಾಕು. ನಿಜವಾದ ಕಣ್ಣಿನ ಹಾಗೆ ಇರಬೇಕು. ಸಂಜೆ ಐದಕ್ಕೆ ತನ್ನಿ. ಆಗದಿದ್ರೆ ಹೇಳಿ, ಪ್ರಿಂಟ್ ಹಾಕಿಸ್ತೀನಿ."

"ಆಗದೆ ಏನಮ್ಮಾ!" ಎಂದು ಬಂದುಬಿಟ್ಟ. ಹುಟ್ಟಿದಾಗಿನಿಂದ ಒಂದು ಕಣ್ಣನ್ನೂ ಬರೆದವನಲ್ಲ, ಪುಣ್ಯಾತ್ಮ.

ಮೊದಲ ಪ್ರಯತ್ನ ನೋಡಿ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಇದೇನಯ್ಯಾ, ಎರಡು ಬಾದಾಮಿ, ಎರಡು ಗುಂಡಿ! ಕಣ್ಣು ಹೇಗಿರತ್ತೆ ಅಂತ ಗೊತ್ತು ಅಂದ್ಕೊಂಡು ಬರೆದಿದ್ದೀಯ. ಗೊತ್ತಿರೋದನ್ನ ಬರೀಬೇಡ, ಕಾಣೋದನ್ನ ಬರಿ. ಗುಡ್ಡೆ ಚೆಂಡಿನ ಹಾಗೆ ಗುಂಡಗಿರತ್ತೆ, ರೆಪ್ಪೆಯ ನೆರಳು ಅದರ ಮೇಲೆ ಬೀಳತ್ತೆ. ಬಿಳಿ ಭಾಗ ಪೂರ್ತಿ ಬಿಳಿಯಲ್ಲ."

ನೋಡಿ ಬರೆಯಲು ಕಣ್ಣು ಬೇಕಲ್ಲ! ಹೆಂಡತಿ ಎರಡು ನಿಮಿಷ ಕೂತು, "ಒಲೆ ಮೇಲೆ ಹಾಲಿದೆ" ಎಂದು ಎದ್ದಳು. ಎದುರಂಗಡಿಯ ಕ್ಷೌರಿಕ ಕೂತ, ಆದರೆ ಅವನ ಬಾಯಿ ನಿಲ್ಲದು, ಕಣ್ಣೂ ನಿಲ್ಲದು. ಕೊನೆಗೆ ಅವನ ಕೈಗನ್ನಡಿ ತಂದಿಟ್ಟುಕೊಂಡು ಬೋರ್ಡಣ್ಣ ತನ್ನ ಕಣ್ಣನ್ನೇ ಬರೆಯತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಕಣ್ಣು ಬಿಟ್ಟುಕೊಂಡಿತು! ರೆಪ್ಪೆಯ ಅಂಚಿನ ತೇವ, ಮೂಲೆಯ ಕೆಂಪು ಎಳೆ, ಎಲ್ಲ ಬಂದಿತ್ತು. ಬೋರ್ಡಣ್ಣ ಅದನ್ನು ಬೀದಿಗೆ ಕಾಣುವಂತೆ ಗೋಡೆಗೆ ಒರಗಿಸಿದ.

ಆದರೆ ಬೀದಿ ಸುಮ್ಮನಿರಬೇಕಲ್ಲ! "ಅಣ್ಣಾ, ಒಂದು ಪಾಪೆ ಕಾಡಿಗೆಯ ಹಾಗಿದೆ. ಇನ್ನೊಂದು ನನ್ನ ಸೋಪಿನ ನೀರಿನ ಹಾಗಿದೆಯಲ್ಲ!" ಎಂದ ಕ್ಷೌರಿಕ.

ಮೇಷ್ಟ್ರೂ ತಲೆಯಾಡಿಸಿದರು. "ಅಲ್ಲಿ ಕಪ್ಪು ಬೇಕಪ್ಪಾ."

"ಕಾಣೋದನ್ನ ಬರಿ ಅಂತ ನೀವೇ ಹೇಳಿದ್ರಲ್ಲ ಮೇಷ್ಟ್ರೇ. ನಂಗೆ ಕನ್ನಡೀಲಿ ಬೂದಿ ಬಣ್ಣವೇ ಕಾಣತ್ತೆ."

"ಬೆಳಕು ಬಿದ್ದಿರಬೇಕು ಕಣೋ."

ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಬೂದಿಯೇ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಗೊಣಗುತ್ತ ಮೇಷ್ಟ್ರು ಹೋದರು.

ಊಟಕ್ಕೆ ಕೈ ತೊಳೆದು ಬರುವಷ್ಟರಲ್ಲಿ ಬೂದಿ ಪಾಪೆಯ ಮೇಲೆ ದಪ್ಪನೆಯ ಕಪ್ಪು ಬೊಟ್ಟು ಬಿದ್ದಿತ್ತು. ಹೆಂಡತಿಯ ಬೆರಳೂ ಕಪ್ಪಾಗಿತ್ತು.

"ಅಯ್ಯೋ, ಏನೇ ಮಾಡಿದೆ!"

"ನಿಮ್ಮ ಮರ್ಯಾದೆ ಉಳಿಸೋಣ ಅಂತ ಹಚ್ಚಿದೆ. ಬೀದಿಯೆಲ್ಲ ನಗ್ತಿದೆ, ನಂಗೆ ಸಂಕಟ ಆಗಲ್ವಾ?"

ಬೋರ್ಡಣ್ಣ ಉಣ್ಣಲಿಲ್ಲ. ಬಣ್ಣ ಒರೆಸಿ, ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಅದೇ ಬೂದಿಯನ್ನು ಇನ್ನಷ್ಟು ಶ್ರದ್ಧೆಯಿಂದ ತುಂಬಿದ.

ಐದಕ್ಕೆ ಹಸಿ ಬೋರ್ಡು ಹೊತ್ತು ಹೊರಟ. ಹಿಂದೆಯೇ ಹೆಂಡತಿ, ಮೇಷ್ಟ್ರು, ಕ್ಷೌರಿಕ. ತಮಾಷೆ ಬಿಡುವುದುಂಟೇ!

ಡಾಕ್ಟರಮ್ಮ ಕನ್ನಡಕ ಮೇಲೆತ್ತಿ, ಬಗ್ಗಿ, ಬೂದಿ ಪಾಪೆಯನ್ನೇ ಬಹಳ ಹೊತ್ತು ನೋಡಿದರು. "ಇಷ್ಟು ಕರಾರುವಾಕ್ಕಾಗಿ ಪುಸ್ತಕದಲ್ಲೂ ಬರೆದಿರಲ್ಲ. ನೀವು ಕಲಾವಿದರು ಕಣ್ರೀ."

ಬೋರ್ಡಣ್ಣ ಹಿಂತಿರುಗಿ ಮೂವರನ್ನೂ ನೋಡಿದ. ಆ ಒಂದು ಗಳಿಗೆಗೆ ಮೂವತ್ತು ವರ್ಷ ಕಾದಿದ್ದ.

"ಯಾರ ಕಣ್ಣು ನೋಡಿ ಬರೆದ್ರಿ?"

"ನನ್ನದೇ ಅಮ್ಮಾ, ಕನ್ನಡೀಲಿ."

"ಹಾಗಾದ್ರೆ ಎಡಕ್ಕಿರೋ ಇದು ನಿಮ್ಮ ಎಡಗಣ್ಣು. ಬಲಗಣ್ಣು ಮುಚ್ಚಿ. ಎಷ್ಟು ಬೆರಳು ಹೇಳಿ?"

ಜೀವಮಾನವಿಡೀ ಎಡಗಣ್ಣನ್ನೇ ಮುಚ್ಚಿದ್ದವನು ಬಲಗಣ್ಣು ಮುಚ್ಚಿದ. ಬೆರಳು, ಗೋಡೆ, ಡಾಕ್ಟರಮ್ಮ ಎಲ್ಲ ಹಬೆಯಲ್ಲಿ ಕರಗಿದವು.

"ಕರೆಂಟ್ ಹೋಯ್ತಾ ಅಮ್ಮಾ?"

ಕ್ಷೌರಿಕ ಕೂಡ ನಗಲಿಲ್ಲ.

"ಪೊರೆ ಬಲಿತಿದೆ. ಹೆದರಬೇಡಿ, ಆಪರೇಷನ್ ಮಾಡಿದ್ರೆ ಕಾಣತ್ತೆ."

"ಬೆಳಿಗ್ಗೆಯಿಂದ ಎಲ್ಲರೂ ಬೋರ್ಡು ನೋಡಿದ್ವಿ. ಒಬ್ಬರಾದ್ರೂ ಇವರ ಮುಖ ನೋಡ್ಲಿಲ್ಲವಲ್ಲ" ಎಂದು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಬೋರ್ಡು?" ಬೋರ್ಡಣ್ಣನ ಚಿಂತೆ ಇನ್ನೂ ಅದೇ.

"ಪೊರೆ ಬಂದ ಕಣ್ಣನ್ನ ಬಾಗಿಲಿಗೆ ಹಾಕಿದ್ರೆ ಯಾರು ಒಳಗೆ ಬರ್ತಾರೆ? ಅಲ್ಲಿಗೆ ಪ್ರಿಂಟೇ ಆಗಲಿ. ಇದನ್ನ ಒಳಗೆ ರೋಗಿಗಳಿಗೆ ತೋರಿಸೋಕೆ ಇಟ್ಕೋತೀನಿ. ಕೆಳಗೆ 'ಪೊರೆ ಬಂದರೆ ಕಣ್ಣು ಹೀಗಿರುತ್ತದೆ' ಅಂತ ಬರೆದುಕೊಡಿ. ನಿಮ್ಮ ಅಕ್ಷರ ಬಹಳ ಚೆಂದ ಅಂತಾರೆ."

ಬೋರ್ಡಣ್ಣ ಕುಂಚ ತೆಗೆದು, ಎಂದಿನಂತೆ ಎಡಗಣ್ಣು ಮುಚ್ಚಿ, ಗೆರೆ ನೇರವಿದೆಯೇ ಎಂದು ನೋಡಿ, ಅಕ್ಷರ ಬರೆಯತೊಡಗಿದ.