ಠಾಣೆಯಲ್ಲಿ ಕೋವಿ, ಗದ್ದೆಯಲ್ಲಿ ಹಂದಿ

ಮಗ್ಗೆ ಸಮೀಪದ ಒಂದು ಹಳ್ಳಿಯಿಂದ,
ಜನವರಿ ಇಪ್ಪತ್ತೆಂಟು

ನೂತನವಾಗಿ ಚುನಾಯಿತರಾದ ಜನಪ್ರತಿನಿಧಿ ಶ್ರೀ ದೇವೇಂದ್ರ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗೆಲುವಿನ ಹಾರಗಳು ಒಣಗಿ, ಬಾಳ್ಳುಪೇಟೆಯ ರಸ್ತೆಬದಿಯಲ್ಲಿರುವ ತಮ್ಮ ಕಟೌಟಿನ ಮೇಲೆ ಕಾಗೆಗಳು ಕೂರಲು ಧೈರ್ಯ ಮಾಡುವವರೆಗೂ ಕಾದು, ಇನ್ನಾದರೂ ತಮಗೆ ಕೊಂಚ ಬಿಡುವಾಗಿರಬಹುದೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಸರು ಕಲ್ಯಾಣಮ್ಮ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಎರಡು ಎಕರೆ ಗದ್ದೆ ಮತ್ತು ಅಷ್ಟೇ ಕಾಫಿಯ ಒಡತಿ. ಯಜಮಾನರಾದ ಸೋಮಯ್ಯನವರು ತೀರಿಕೊಂಡ ಮೇಲೆ ಅವರ ಒಂಟಿ ನಳಿಗೆ ಕೋವಿಯ ಪರವಾನಗಿಯನ್ನು ಬೆಳೆ ರಕ್ಷಣೆಗೆಂದು ನನ್ನ ಹೆಸರಿಗೆ ಮಾಡಿಸಿಕೊಂಡೆ. ಅಂದು ಕಚೇರಿಯಲ್ಲಿ ಒಬ್ಬರು, "ಹೆಂಗಸರಿಗ್ಯಾಕಮ್ಮ ಕೋವಿ?" ಎಂದು ಕೇಳಿದ್ದರು. "ನಾನು ಹೆಂಗಸು ಅಂತ ಹಂದಿಗೆ ಗೊತ್ತಿಲ್ಲ ಕಣಪ್ಪ" ಎಂದಿದ್ದೆ. ಆ ಕೋವಿಯಿಂದ ನಾನು ಇಂದಿನವರೆಗೆ ಆಕಾಶಕ್ಕಲ್ಲದೆ ಬೇರೆ ಯಾರಿಗೂ ಗುಂಡು ಹಾರಿಸಿಲ್ಲ. ಆಕಾಶವೇನಾದರೂ ತಮ್ಮಲ್ಲಿ ದೂರು ಕೊಟ್ಟಿದ್ದರೆ ದಯಮಾಡಿ ತಿಳಿಸಬೇಕು.

ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿಯಿರುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ನಿಯಮ ತಮಗೆ ಗೊತ್ತೇ ಇದೆ. ಆಗಸ್ಟ್ ತಿಂಗಳಲ್ಲಿ ಆ ನೋಟೀಸು ಬಂದಾಗ ನನ್ನ ಪಕ್ಕದ ಗದ್ದೆಯ ಗಿಡ್ಡಯ್ಯ ನಮ್ಮ ಜಗಲಿಗೆ ಬಂದು ಕೂತರು. ಅವರದು ತಂದೆಯ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವಷ್ಟರಲ್ಲಿ ಹಂದಿ ಮೇಯ್ದು ಮುಗಿಸಿ ಬಾಯಿ ಒರೆಸಿಕೊಂಡು ಹೋಗಬಹುದಾದಂಥ ಆಯುಧ.

"ಈ ಸಲ ಕೊಡಾಕಿಲ್ಲ ಟೀಚರಮ್ಮ" ಎಂದರು ಗಿಡ್ಡಯ್ಯ. "ಭತ್ತ ಹಾಲು ತುಂಬೋ ಹೊತ್ಗೆ ವಾಪಸ್ ಕೊಡದೆ ಹೋದ್ರೆ ಏನ್ಮಾಡಾದು? ಹುಲ್ಲಿನ ಮೆದೆಲಿ ಮಡಗಿಬುಡ್ತೀನಿ."

ಆಗ ಅವರಿಗೆ ಬುದ್ಧಿ ಹೇಳಿದವಳು ನಾನೇ. "ಕಾನೂನು ಅಂದ್ರೆ ಕಾನೂನು ಗಿಡ್ಡಯ್ಯ. ಎಣಿಕೆ ಮುಗಿದ ವಾರಕ್ಕೇ ವಾಪಸ್ ಕೊಡ್ತಾರೆ, ನಾನು ಜವಾಬ್ದಾರಿ" ಎಂದೆ. ಮರುದಿನವೇ ಎರಡು ಕೋವಿಗಳನ್ನು ಹಳೇ ಕಂಬಳಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಕಂಡಕ್ಟರು ಏನದು ಎಂದು ಕೇಳಿದಾಗ ಗಿಡ್ಡಯ್ಯ, "ನಮ್ ಗದ್ದೆ ಕಾವಲುಗಾರ್ರು ಕಣಣ್ಣ, ಎಲೆಕ್ಷನ್ ಡ್ಯೂಟಿಗೆ ಹೋಗ್ತಾವ್ರೆ" ಎಂದರು. ನಮ್ಮ ಸುತ್ತಿನ ಬೆಟ್ಟಗಳಲ್ಲಿ ಪರವಾನಗಿಯೇ ಇಲ್ಲದ ಕೋವಿಗಳೂ ಉಂಟೆಂದು ಜನ ಆಡಿಕೊಳ್ಳುತ್ತಾರೆ. ಅವು ಯಾವ ಪುಸ್ತಕದಲ್ಲೂ ನಮೂದಾಗಿಲ್ಲವಾದ್ದರಿಂದ ಅವನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಪುಸ್ತಕದಲ್ಲಿರುವ ಕೋವಿಯಿಂದ ಮಾತ್ರ ಶಾಂತಿಗೆ ಭಂಗ ಬರುತ್ತದೆಂಬ ಈ ಸೂಕ್ಷ್ಮ ಮೊದಲೇ ತಿಳಿದಿದ್ದರೆ ಮಕ್ಕಳಿಗೂ ಅದನ್ನೇ ಕಲಿಸಿರುತ್ತಿದ್ದೆ.

ಅದಾದ ಮೇಲೆ ತಮ್ಮ ಭಾಷಣ ಕೇಳುವ ಭಾಗ್ಯ ನನಗೆ ಎರಡು ಸಲ ಒದಗಿತು. ಕಣ್ಣು ತೋರಿಸಲು ಹಾಸನಕ್ಕೆ ಹೋಗಿದ್ದ ದಿನ, ಬಸ್ಸಿಗೆ ಇನ್ನೂ ಎರಡು ತಾಸು ಇದ್ದುದರಿಂದ ಫ್ಯಾನು ತಿರುಗುತ್ತಿದ್ದ ಒಂದು ಸಭಾಂಗಣದೊಳಗೆ ಹೋಗಿ ಕೂತೆ. ಅದು 'ನಗರ ಸಜ್ಜನ ಮತದಾರರ ಕೂಟ'ದ ಸಭೆ. ವೇದಿಕೆಯ ಮೇಲೆ ತಾವು. "ಮಲೆನಾಡಿನ ಮನೆಮನೆಯಲ್ಲೂ ಕೋವಿ ಇದೆ. ಒಂದೊಂದನ್ನೂ ಹೊಸದಾಗಿ ನೋಂದಣಿ ಮಾಡಿಸುತ್ತೇನೆ. ಅಗತ್ಯವಿಲ್ಲದ ಒಂದು ಕೋವಿಯೂ ಠಾಣೆಯಿಂದ ಹೊರಗೆ ಹೋಗುವುದಿಲ್ಲ. ನೀವು ನೆಮ್ಮದಿಯಾಗಿ ನಿದ್ದೆ ಮಾಡಬೇಕು" ಎಂದಿರಿ. ಚಪ್ಪಾಳೆಯೋ ಚಪ್ಪಾಳೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಯಾವ ಊರೆಂದು ವಿಚಾರಿಸಿದರು. ಆಲೂರು ಕಡೆ ಎಂದೆ. ಅವರು ನನ್ನ ಕಡೆಗಿದ್ದ ತಮ್ಮ ವ್ಯಾನಿಟಿ ಬ್ಯಾಗನ್ನು ಆ ಕಡೆಗೆ ಸರಿಸಿಕೊಂಡರು.

ಅದಾಗಿ ನಾಲ್ಕೇ ದಿನಕ್ಕೆ ತಾವು ಮಗ್ಗೆಗೆ ದಯಮಾಡಿಸಿದಿರಿ. "ನಿಮ್ ಕೋವಿ ಮುಟ್ಟಾಕೆ ಯಾರ್ಗೂ ಬಿಡಾಕಿಲ್ಲ ಕಣ್ರಪ್ಪ. ಇಲ್ದೋರ್ಗೂ ಲೈಸೆನ್ಸ್ ಕೊಡುಸ್ತೀನಿ. ಹಂದಿ ಕಾಟ ಏನೈತೆ ಅಂತ ಪೇಟೆಯೋರ್ಗೇನ್ ಗೊತ್ತು?" ಎಂದಿರಿ. ಭಾಷೆ ಕಲಿಸಿದವಳಾಗಿ ನಾನು ತಲೆದೂಗಿದೆ. ಹಾಸನದಲ್ಲಿದ್ದ 'ಇದೆ' ಐವತ್ತು ಮೈಲಿಯೂ ದಾಟದೆ ಇಷ್ಟು ಸಲೀಸಾಗಿ 'ಐತೆ' ಆದದ್ದನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಗಿಡ್ಡಯ್ಯ ಮುಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಹಾಸನದಲ್ಲಿ ಕೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಪೇಟೆಯ ಮಾತು ಪೇಟೆಗೆ, ಓಟು ಕೇಳುವಾಗ ಎಲ್ಲರೂ ಒಂದಿಷ್ಟು ಸೇರಿಸಿ ಹೇಳುತ್ತಾರೆ ಎಂದುಕೊಂಡೆ. ಗಿಡ್ಡಯ್ಯನವರಿಗೆ ಜವಾಬ್ದಾರಿ ಎಂದದ್ದು ಮೊದಲನೆಯದು, ಇದು ನನ್ನ ಎರಡನೆಯ ತಪ್ಪು.

ಸರ್ವೀಸಿನಲ್ಲಿದ್ದಾಗ ಆರು ಸಲ ಚುನಾವಣೆ ಡ್ಯೂಟಿ ಮಾಡಿದ್ದೇನೆ. ಪೇಟೆಯ ಬೂತಿನಲ್ಲಿ ಕೂತಾಗ ಮಧ್ಯಾಹ್ನದೊಳಗೆ ಅರ್ಧ ಸ್ವೆಟರ್ ಹೆಣೆದು ಮುಗಿಸುತ್ತಿದ್ದೆ. ಬೆಟ್ಟದ ಬೂತಿನಲ್ಲಿ ನೀರು ಕುಡಿಯಲೂ ಪುರಸೊತ್ತಿರುತ್ತಿರಲಿಲ್ಲ. ಈ ಸಲವೂ ನಮ್ಮೂರಿನವರು ಮೂರು ಮೈಲಿ ನಡೆದು ಹೋಗಿ ಓಟು ಹಾಕಿದರು. ಗಿಡ್ಡಯ್ಯ ತಮಗೇ ಹಾಕಿದರು. ಗುಟ್ಟು ಮಾಡುವ ಅಭ್ಯಾಸ ಅವರಿಗಿಲ್ಲ. ಅದೇ ದಿನ ಬಾಳ್ಳುಪೇಟೆಯಲ್ಲಿ ನಾನು ಬಸ್ಸಿಗೆ ನಿಂತಿದ್ದಾಗ ಹಾಸನದಿಂದ ಬಂದ ಮಾರುತಿ ಕಾರೊಂದು ನಿಂತಿತು. ರಜೆ ಸಿಕ್ಕಿತೆಂದು ಘಾಟಿ ನೋಡಲು ಹೊರಟ ನಾಲ್ಕು ಜನ. "ಈ ಕಡೆ ಎಲ್ಲರ ಹತ್ರಾನೂ ಕೋವಿ ಇರುತ್ತಂತಲ್ಲ, ಇಳಿದು ಓಡಾಡಬಹುದಾ?" ಎಂದು ಕೇಳಿದರು. ಎಲ್ಲಾ ಠಾಣೆಯಲ್ಲಿವೆ, ಧೈರ್ಯವಾಗಿ ಇಳಿಯಿರಿ ಎಂದೆ. ಅವರ ಎಂಟು ಕೈಗಳಲ್ಲಿ ಒಂದು ಬೆರಳಿಗೂ ಶಾಯಿಯ ಗುರುತಿರಲಿಲ್ಲ.

ತಾವು ಗೆದ್ದಿರಿ. ಪತ್ರಿಕೆಯಲ್ಲಿ ಓದಿದ ಪ್ರಕಾರ, ಬೆಟ್ಟದ ಬೂತುಗಳೇ ತಮ್ಮನ್ನು ದಡ ಸೇರಿಸಿದ್ದು. ಹೀಗಿದ್ದೂ ತಾವು ಮೊದಲು ಹೋದದ್ದು ಸಜ್ಜನರ ಕೂಟದ ಸನ್ಮಾನಕ್ಕೆ, ಮೊದಲು ನೆರವೇರಿಸಿದ್ದು ಅವರಿಗೆ ಕೊಟ್ಟ ಮಾತನ್ನು. ಇದರ ಹಿಂದಿನ ವಿವೇಕ ನನಗೆ ತಡವಾಗಿ ಹೊಳೆಯಿತು: ಓಟು ಹಾಕುವವರು ಹೇಗೂ ಹಾಕುತ್ತಾರೆ, ಅವರನ್ನು ಮತ್ತೆ ಒಲಿಸುವುದೇಕೆ? ಹಾಕದವರನ್ನು ಒಲಿಸುವುದೇ ನಿಜವಾದ ಮುತ್ಸದ್ದಿತನ.

ಹೀಗೆ ಮರು ನೋಂದಣಿಯ ಆದೇಶ ಬಂತು. ಕೋವಿ ಬಿಡಿಸಿಕೊಳ್ಳಲು ಠಾಣೆಗೆ ಹೋದರೆ, ಹೊಸ ನೋಂದಣಿ ಪತ್ರ ತನ್ನಿ ಎಂದರು. ಪತ್ರಕ್ಕಾಗಿ ಕಚೇರಿಗೆ ಹೋದರೆ ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಜಯಕುಮಾರ್ ಗುಮಾಸ್ತನಾಗಿ ಕೂತಿದ್ದ.

"ಕೋವಿ ತನ್ನಿ ಮೇಡಂ, ನಂಬರ್ ನೋಡಿ ಬರ್ಕೋಬೇಕು" ಎಂದ.

"ಕೋವಿ ಠಾಣೆಲಿದೆ ಕಣಪ್ಪ."

"ಹಂಗಾದ್ರೆ ಬಿಡಿಸ್ಕೊಂಡು ಬನ್ನಿ."

"ಬಿಡಿಸ್ಕೊಳ್ಳೋಕೆ ನಿನ್ನ ಪತ್ರ ಬೇಕಲ್ಲಪ್ಪ?"

ಅವನು ಬಹಳ ಹೊತ್ತು ಯೋಚಿಸಿದ. ಶಾಲೆಯಲ್ಲೂ ಹಾಗೆಯೇ ಯೋಚಿಸುತ್ತಿದ್ದ. ಕೊನೆಗೆ, "ಮೇಲಿನವರು ಹಂಗೇ ಮಾಡವ್ರೆ ಮೇಡಂ, ನಾನೇನ್ ಮಾಡ್ಲಿ?" ಎಂದು ನನಗೊಂದು ಕುರ್ಚಿ ತರಿಸಿದ. ಗಿಡ್ಡಯ್ಯನವರ ಕೋವಿಗೆ ನಂಬರೇ ಕೆತ್ತಿರಲಿಲ್ಲವಾದ್ದರಿಂದ ಅವರಿಗೆ ಕುರ್ಚಿಯೂ ಸಿಗಲಿಲ್ಲ. ಅಕ್ಟೋಬರಿನಲ್ಲಿ ನಾವು ಐದು ಸಲ ಹೋಗಿಬಂದೆವು. ಅಷ್ಟರಲ್ಲಿ ಭತ್ತ ಹಾಲು ತುಂಬಿತು, ಹಂದಿಗಳಿಗೆ ಸುದ್ದಿ ಮುಟ್ಟಿತು.

ಇನ್ನು ಮುಂದಿನದನ್ನು ವ್ಯಂಗ್ಯವಿಲ್ಲದೆ ಬರೆಯುತ್ತೇನೆ, ಮನ್ನಿಸಬೇಕು. ನವೆಂಬರಿನ ಒಂದು ಬೆಳಿಗ್ಗೆ, ಇನ್ನೇನು ಬೆಳಕು ಹರಿಯಬೇಕೆನ್ನುವ ಹೊತ್ತಿಗೆ, ಗಿಡ್ಡಯ್ಯ ಗದ್ದೆಯ ಬದುವಿನ ಮೇಲೆ ನಿಂತು ತಗಡಿನ ಡಬ್ಬ ಬಡಿಯುತ್ತಿದ್ದರು. ಹಂದಿಗಳು ಆ ಸದ್ದಿಗೆ ಎಂದೋ ಹೊಂದಿಕೊಂಡಿದ್ದವು. ಕಣ್ಣೆದುರೇ ಪೈರು ನೆಲಸಮವಾಗುವುದನ್ನು ನೋಡಲಾರದೆ ಅವರು ದೊಣ್ಣೆ ಹಿಡಿದು ಗದ್ದೆಗೆ ಇಳಿದರು. ಕೋರೆಯ ಗಂಡು ಹಂದಿಯೊಂದು ತಿರುಗಿ ನುಗ್ಗಿತು. ಅವರ ಹೆಂಡತಿ ಚೌಡಮ್ಮನ ಕೂಗು ಕೇಳಿ ನಾನು ಓಡಿಹೋದಾಗ ಅವರ ಬಲತೊಡೆ ಮಂಡಿಯವರೆಗೂ ಸೀಳಿತ್ತು. ನನ್ನ ಸೀರೆಯ ಸೆರಗನ್ನು ಹರಿದು ಬಿಗಿಯಾಗಿ ಕಟ್ಟಿದೆವು. ಎಸ್ಟೇಟಿನ ಜೀಪಿನಲ್ಲಿ ಸಕಲೇಶಪುರಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು.

"ಕೋವಿ ಇದ್ದಿದ್ರೆ ಬದಿನ ಮ್ಯಾಲೇ ನಿಂತು ಒಂದ್ಸಲ ಢಂ ಅನ್ಸಿ ಬಂದ್ಬುಡ್ತಿದ್ದೆ ಟೀಚರಮ್ಮ. ಯಾಕೆ ಇಳೀತಿದ್ದೆ?" ಎಂದರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದರು. ವೈದ್ಯರು ಕಾಲನ್ನು ಉಳಿಸಿದರು. ಮಂಡಿ ಮಾತ್ರ ಇನ್ನು ಮಡಚುವುದಿಲ್ಲ. ಮೂರನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಚೌಡಮ್ಮ ನನ್ನ ಪಕ್ಕ ಬಂದು ಕೂತರು. ಬೈಯಲಿಲ್ಲ, ಅಳಲಿಲ್ಲ. "ಜವಾಬ್ದಾರಿ ಅಂದಿದ್ರಲ್ಲ ಟೀಚರಮ್ಮ" ಎಂದಷ್ಟೇ ಹೇಳಿ ಫ್ಲಾಸ್ಕಿನಿಂದ ನನಗೂ ಕಾಫಿ ಬಗ್ಗಿಸಿಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಅಷ್ಟು ಸಣ್ಣಗೆ ಮಾಡಿರಲಿಲ್ಲ.

ಆ ಸಂಜೆ ಮನೆಗೆ ಬಂದವಳೇ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ತಮ್ಮ ಹಾಸನದ ಭಾಷಣವನ್ನೂ ಬಲಗಡೆ ಮಗ್ಗೆಯ ಭಾಷಣವನ್ನೂ ನೆನಪಿದ್ದಷ್ಟು ದುಂಡಗೆ ಬರೆದೆ. ನನ್ನದೆಂದು ಒಂದು ಮಾತನ್ನೂ ಸೇರಿಸಲಿಲ್ಲ. ತಮ್ಮ ಎರಡು ಭಾಷಣಗಳು ಅಕ್ಕಪಕ್ಕ ಕೂತಾಗ ಮೂರನೆಯವರ ಮಾತಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಬಾಳ್ಳುಪೇಟೆಯಲ್ಲಿ ಇನ್ನೂರು ಜೆರಾಕ್ಸ್ ಮಾಡಿಸಿದೆ. ಬಸ್‌ಸ್ಟ್ಯಾಂಡು, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ ಎಲ್ಲ ಕಡೆ ನಾನೇ ಅಂಟು ಹಚ್ಚಿ ಅಂಟಿಸಿದೆ. ಹಾಸನಕ್ಕೂ ಹೋಗಿ ಅದೇ ಸಭಾಂಗಣದ ಬಾಗಿಲಿಗೆ ನಾಲ್ಕು ಹಚ್ಚಿ ಬಂದೆ. ವಾರದೊಳಗೆ ತಮ್ಮ ಕಡೆಯವರೊಬ್ಬರು ಜೀಪಿನಲ್ಲಿ ಬಂದು, "ಇದ್ಯಾರಮ್ಮ ಬರ್ದಿದ್ದು?" ಎಂದು ಗದರಿದರು.

"ಮಾತು ಸಾಹೇಬರದು, ಕೈಬರಹ ನನ್ನದು. ಕಾಗುಣಿತ ತಪ್ಪಿದ್ದರೆ ಹೇಳಿ, ತಿದ್ದುತ್ತೇನೆ" ಎಂದೆ.

ಅವರು ಹಾಳೆಯನ್ನು ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ. ಅದಾದ ನಾಲ್ಕನೆಯ ದಿನ ಠಾಣೆಯಿಂದ ಹೇಳಿಕಳುಹಿಸಿ, ಪತ್ರವಿಲ್ಲದೆ, ನಂಬರಿಲ್ಲದೆ, ಒಂದೇ ಒಂದು ಸಹಿ ಹಾಕಿಸಿಕೊಂಡು ಸುತ್ತಿನ ಕೋವಿಗಳನ್ನೆಲ್ಲ ಕೊಟ್ಟರು. ಅಷ್ಟು ದಿನ ಕಲ್ಲುಗೋಡೆಯಂತೆ ನಿಂತಿದ್ದ ನಿಯಮ ಎಲ್ಲಿಗೆ ಹೋಯಿತೆಂದು ಜಯಕುಮಾರನಿಗೂ ತಿಳಿಯಲಿಲ್ಲ. ಗಿಡ್ಡಯ್ಯನವರ ಗದ್ದೆಯಲ್ಲಿ ಆಗ ಕಾಯುವುದಕ್ಕೆ ಕೊಯ್ದುಳಿದ ಬರೀ ಕೂಳೆ ಇತ್ತು.

ತಮ್ಮಂಥವರನ್ನು ಪ್ರತಿನಿಧಿಯಾಗಿ ಪಡೆದ ಮೇಲೆ ಕೆಲವು ಕೋರಿಕೆಗಳನ್ನು ಮುಂದಿಡದಿದ್ದರೆ ತಮಗೆ ಅಗೌರವ ತೋರಿದಂತಾದೀತು. ನೀತಿಸಂಹಿತೆಯ ಒಂದೊಂದು ಪ್ರತಿಯನ್ನು ಹಂದಿಗಳಿಗೂ ಹಂಚಿಸಿ, ಎಣಿಕೆ ಮುಗಿಯುವ ತನಕ ಅವು ತಮ್ಮ ಕೋರೆಗಳನ್ನು ಹತ್ತಿರದ ಠಾಣೆಯಲ್ಲಿಟ್ಟು ರಸೀದಿ ಪಡೆಯುವಂತೆ ಆಜ್ಞೆ ಮಾಡಿಸಬೇಕು. ಅವು ಒಪ್ಪದಿದ್ದಲ್ಲಿ ಸಜ್ಜನರ ಕೂಟದ ಸದಸ್ಯರನ್ನು ಪಾಳಿಯ ಮೇಲೆ ನಮ್ಮ ಗದ್ದೆಗಳ ಕಾವಲು ಅಟ್ಟಣೆಗೆ ಕಳುಹಿಸಿಕೊಡಬೇಕು. ಮತದಾನದ ದಿನ ಹೇಗೂ ಅವರು ಈ ಕಡೆಗೇ ಬರುತ್ತಾರೆ. ನಾವು ಮೂರು ಮೈಲಿ ನಡೆದು ಹಾಕುವ ಓಟನ್ನು ಪೇಟೆಯವರ ಹೆಸರಿಗೆ ಜಮಾ ಮಾಡಿಕೊಳ್ಳಲು ಅವಕಾಶವಿದ್ದರೆ ಅದನ್ನೂ ಮಾಡಿ, ನಮ್ಮ ನಡಿಗೆಯ ಶ್ರಮವನ್ನು ತಪ್ಪಿಸಬೇಕು. ಇವೆಲ್ಲಕ್ಕಿಂತ ಚಿಕ್ಕ ಕೋರಿಕೆಯೊಂದಿದೆ: ಒಮ್ಮೆ ಗಿಡ್ಡಯ್ಯನವರ ಮನೆಗೆ ಬಂದು, ಅವರು ಕಾಲು ಚಾಚಿ ಕೂತಿರುವ ಜಗಲಿಯ ಮೇಲೆ ಎರಡು ನಿಮಿಷ ಕೂರಬೇಕು. ಇದನ್ನು ನೆರವೇರಿಸುವುದು ಅಸಾಧ್ಯವೆಂದು ಗೊತ್ತಿದ್ದೂ ಕೇಳಿದ್ದೇನೆ.

ಕೋವಿ ಮನೆಗೆ ಬಂದು ಎರಡು ತಿಂಗಳೂ ಆಗಿಲ್ಲ, ಈಗ ಪಂಚಾಯಿತಿ ಚುನಾವಣೆಯೆಂದು ಮತ್ತೆ ನೋಟೀಸು ಬಂದಿದೆ. ಈ ಸಲ ನಾನು ಗಿಡ್ಡಯ್ಯನವರಿಗೆ ಯಾವ ಬುದ್ಧಿಯನ್ನೂ ಹೇಳಲಿಲ್ಲ. ಅವರೇ ಕೋವಿಗೆ ಎಣ್ಣೆ ಸವರಿ, ಸುತ್ತಿ, ಹೆಂಡತಿಯ ಕೈಗೆ ಕೊಟ್ಟರು. ಚೌಡಮ್ಮ ನಿನ್ನೆ ಅದನ್ನು ನನ್ನ ಕೋವಿಯ ಜೊತೆ ಠಾಣೆಗೆ ಒಪ್ಪಿಸಿ, ಅಲ್ಲಿಂದ ನೇರವಾಗಿ ಚುನಾವಣಾಧಿಕಾರಿಯ ಮೇಜಿಗೆ ಹೋಗಿ, ನಮ್ಮ ವಾರ್ಡಿನ ಮಹಿಳಾ ಸ್ಥಾನಕ್ಕೆ ನಾಮಪತ್ರ ಸಲ್ಲಿಸಿದರು. ಸೂಚಕಳಾಗಿ ಸಹಿ ಹಾಕಿದವಳು ನಾನು. ಹೀಗೆ ಒಂದೇ ದಿನ ಎರಡು ಠೇವಣಿ ಇಟ್ಟುಬಂದಿದ್ದೇವೆ. ಕೋವಿಯದು ಯಾವಾಗ ವಾಪಸ್ ಬರುತ್ತದೋ ದೇವರಿಗೇ ಗೊತ್ತು. ಇನ್ನೊಂದು ಮುಳುಗುವುದಿಲ್ಲವೆಂದು ಊರಿಗೆಲ್ಲ ಗೊತ್ತಿದೆ.

ಇಷ್ಟೆಲ್ಲ ಆದ ಮೇಲೂ ಅಭ್ಯಾಸಬಲದಿಂದ,
ತಮ್ಮ ವಿಶ್ವಾಸಿ,
ಕಲ್ಯಾಣಮ್ಮ
(ನಿವೃತ್ತ ಶಿಕ್ಷಕಿ, ಸದ್ಯಕ್ಕೆ ನಿಶ್ಶಸ್ತ್ರಳು)

ತಾ.ಕ.: ಚೌಡಮ್ಮನವರ ಎದುರಾಳಿಯ ಪರವಾಗಿ ಪ್ರಚಾರಕ್ಕೆ ತಾವೇ ಖುದ್ದು ಬರುವಿರೆಂದು ಕೇಳಿ ಸಂತೋಷವಾಯಿತು. ರಸ್ತೆ ಮುಗಿದ ಮೇಲೆ ಗದ್ದೆ ಬದುವಿನ ಮೇಲೆ ನಡೆದೇ ಬರಬೇಕು, ಅಲ್ಲಿಗೆ ಜೀಪು ಬರುವುದಿಲ್ಲ. ಕೊಯ್ಲು ಮುಗಿದರೂ ಗೆಡ್ಡೆ ಕೆದಕಲು ಹಂದಿಗಳು ಬರುತ್ತಲೇ ಇವೆ. ಆದ್ದರಿಂದ ಸಂಜೆ ಐದರೊಳಗೆ ಭಾಷಣ ಮುಗಿಸಿ ಹೊರಟುಬಿಡಬೇಕಾಗಿ ಪ್ರಾರ್ಥನೆ. ಆಮೇಲೆ ಏನಾದರೂ ಆದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.