ವಿಶ್ವಾಸಕ್ಕೆ ಎರಡು ಉಜ್ಜು

ಮರದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇದು ಜಂಬವಲ್ಲ, ನನ್ನ ಹುದ್ದೆ. ಹದಿನೆಂಟು ವರ್ಷದಿಂದ ನಾನು ಮರಗೆಲಸದ ಮೇಷ್ಟ್ರು. ನನ್ನ ಶಿಷ್ಯರು ಮಾಡಿದ ಕುರ್ಚಿಗಳ ಮೇಲೆ ಎಷ್ಟೋ ದೊಡ್ಡ ಮನುಷ್ಯರು ಕುಳಿತು ತೂಕಡಿಸುತ್ತಿದ್ದಾರೆ. ಹೀಗಿರುವಾಗ, ದೂರದ ಊರಿನ ತರಬೇತಿ ಕೇಂದ್ರದಲ್ಲಿ ಮರಗೆಲಸದ ವಿಭಾಗ ಶುರುಮಾಡಬೇಕು, ನೀವೇ ಹೋಗಿ ಎಂದು ಇಲಾಖೆಯವರು ಹೇಳಿದಾಗ ನಾನು ಒಂದಿಷ್ಟೂ ಅಳುಕಲಿಲ್ಲ.

"ಒಬ್ಬನೇ ಹೋಗ್ತೀನಿ, ಒಬ್ಬನೇ ಇರ್ತೀನಿ. ಒಂದೇ ತಿಂಗಳಲ್ಲಿ ಆ ಊರನ್ನ ನನ್ನ ಊರು ಮಾಡ್ಕೋತೀನಿ, ನೋಡ್ತಿರು," ಎಂದು ಹೆಂಡತಿಯ ಮುಂದೆ ಘೋಷಿಸಿದೆ.

ನನ್ನ ಹೆಂಡತಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಯಾವ ಘೋಷಣೆಯನ್ನೇ ಆಗಲಿ, ತಕ್ಕಡಿಗೆ ಹಾಕಿ ತೂಗದೆ ಒಳಗೆ ತೆಗೆದುಕೊಳ್ಳುವುದಿಲ್ಲ.

"ಆ ಊರಲ್ಲಿ ಆರು ತಿಂಗಳು ಮಳೆ, ಮಂಜು. ಇನ್ನಾರು ತಿಂಗಳು ಚರ್ಮ ಸುಲಿಯೋ ಒಣಚಳಿ. ನೀವು ಹುಟ್ಟಿದಾಗಿನಿಂದ ಬಿಸಿಲು ಬಿಟ್ಟು ಬೇರೇನೂ ಕಂಡೋರಲ್ಲ," ಎಂದಳು.

"ಹವಾ ತಾನೆ? ಒಂದು ಸ್ವೆಟರ್ ಹಾಕ್ಕೊಂಡರಾಯ್ತು."

"ಒಂದು ಮಾತು ನಡೆಸಿಕೊಡಿ, ಸಾಕು. ಒಂದು ವರ್ಷ ಆ ಮನೇಲಿ ಏನೂ ರಿಪೇರಿ ಮಾಡಬೇಡಿ. ಸುಮ್ಮನೆ ನೋಡ್ಕೊಂಡಿರಿ. ಚಳಿಗಾಲದಲ್ಲಿ ನಾನು ನಾಲ್ಕು ದಿನ ಬಂದು ಇದ್ದು ನೋಡ್ತೀನಿ. ಇರಬಹುದು ಅನ್ನಿಸಿದರೆ ವರ್ಗಾವಣೆಗೆ ಅರ್ಜಿ ಹಾಕ್ತೀನಿ. ಇಲ್ಲದಿದ್ದರೆ ಮೂರು ವರ್ಷ ನೀವಲ್ಲಿ, ನಾನಿಲ್ಲಿ."

ಮೂರು ವರ್ಷ ಎಂದ ಕೂಡಲೇ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳೋಣ ಎನಿಸಿತು. ಆದರೇನು, ಘೋಷಣೆ ಆಗಿಹೋಗಿತ್ತು.

ನಮ್ಮ ಹಳೆಯ ಊರಿನಲ್ಲಿ ಬಟ್ಟೆಯನ್ನು ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ಹರವಿ ಮುಗಿಸುವಷ್ಟರಲ್ಲಿ ಮೊದಲು ಹರವಿದ್ದು ಒಣಗಿರುತ್ತಿತ್ತು. ಹೊಸ ಊರಿಗೆ ಬಂದ ದಿನ ಹರವಿದ ಬನಿಯನ್ನನ್ನು ಎಂಟನೆಯ ದಿನ ಹಸಿಯಾಗಿಯೇ ತೊಟ್ಟುಕೊಂಡೆ. ಉಪ್ಪು ಡಬ್ಬಿಯೊಳಗೇ ಕಲ್ಲಾಯಿತು. ಬೆಂಕಿಕಡ್ಡಿ ಗೀರಿದರೆ ಮದ್ದು ಮೆತ್ತಗೆ ಉದುರಿ ನೆಲಕ್ಕೆ ಬೀಳುತ್ತಿತ್ತು. ನನ್ನ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಎಷ್ಟು ಸೊಂಪಾಗಿ ಬೆಳೆಯಿತೆಂದರೆ, ಅದನ್ನು ಒರೆಸಿ ಹಾಕಲು ಮನಸ್ಸೇ ಬರಲಿಲ್ಲ. ಮನೆಯಲ್ಲಿ ನನ್ನನ್ನು ಬಿಟ್ಟರೆ ಜೀವ ಇದ್ದದ್ದು ಅದೊಂದಕ್ಕೇ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಊರಿನ ಮೌನ. ಅಲ್ಲಿಯವರು ಕೆಟ್ಟವರಲ್ಲ, ಸಿಡುಕರೂ ಅಲ್ಲ. ಆದರೆ ನಮ್ಮ ಕಡೆ ಸಂಜೆಯಾದರೆ ಸೆಕೆ ತಾಳದೆ ಇಡೀ ಬೀದಿ ಹೊರಗೆ ಬಂದು ಕೂರುತ್ತದೆ. ಯಾರ ಮನೆಯ ಜಗಳ ಎಲ್ಲಿಗೆ ಬಂತೆಂದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಮಳೆ ಎಲ್ಲರನ್ನೂ ಒಳಗೆ ತಳ್ಳಿಬಿಡುತ್ತಿತ್ತು. ಮೆಟ್ಟಿಲ ಮೇಲೆ ಎದುರಾದವರು ಕೊಡೆ ಕೊಡವಿ, ತಲೆಯಾಡಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹದಿನೈದು ದಿನ ಕೇಂದ್ರದ ಹೊರಗೆ ನಾನು ಯಾರೊಂದಿಗೂ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ.

ಫೋನಿನಲ್ಲಿ ಮಾತ್ರ ನನ್ನ ವರಸೆಯೇ ಬೇರೆ.

"ಇಲ್ಲಿ ಎಲ್ಲರೂ ನಮ್ಮೋರೇ ಆಗಿಬಿಟ್ಟಿದಾರೆ ಕಣೆ. ಮನೆಗೆ ಬರೋಕೆ ಬಿಡಲ್ಲ, ನಿಲ್ಲಿಸಿ ಮಾತಾಡಿಸ್ತಾರೆ."

"ಹೌದಾ? ಎದುರುಮನೇಲಿ ಯಾರಿದಾರೆ?"

"ಅದು... ಇದಾರೆ. ಒಳ್ಳೆ ಜನ."

ಹದಿನಾರನೆಯ ದಿನ ಬೆಳಿಗ್ಗೆ ಕೇಂದ್ರಕ್ಕೆ ಹೊಸ ಯಂತ್ರಗಳು ಬರುವುದಿತ್ತು. ಸ್ನಾನ ಮುಗಿಸಿ, ಹಸಿ ಬನಿಯನ್ನಿನ ಮೇಲೆ ಹಸಿ ಅಂಗಿ ತೊಟ್ಟು ಬಾಗಿಲು ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಗೋಡೆಗೆ ಕಾಲು ಕೊಟ್ಟು ಎಳೆದೆ. ಹಿಡಿ ಕಿತ್ತು ಕೈಗೆ ಬಂತು, ನಾನು ನೆಲಕ್ಕೆ ಬಂದೆ.

"ಯಾರಾದ್ರೂ ಇದೀರಾ?" ಎಂದು ಬಾಗಿಲಿಗೆ ಬಾಯಿಟ್ಟು ಕೂಗಿದೆ.

"ಬಾಗಿಲು ಕಚ್ಕೊಂಡಿದೆಯಾ?" ಹೊರಗಿನಿಂದ ಒಂದು ವಯಸ್ಸಾದ ದನಿ ಕೇಳಿತು.

"ಹೌದಮ್ಮಾ."

"ಹಾಗಾದ್ರೆ ಸ್ವಲ್ಪ ದೂರ ನಿಂತ್ಕೊಳ್ಳಿ."

ನಾನು ಏಳುತ್ತಿದ್ದೆ, ಅಷ್ಟೆ. ಬಾಗಿಲು ಧಡಾರನೆ ತೆರೆದು ನನ್ನನ್ನು ಮತ್ತೆ ಮಲಗಿಸಿತು. ಎದುರುಮನೆಯ ಅಜ್ಜಿ ಸೊಂಟ ಸವರಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತಿದ್ದರು. ವಯಸ್ಸು ಎಪ್ಪತ್ತರ ಮೇಲೆ.

"ದೂರ ನಿಂತ್ಕೊಳ್ಳಿ ಅಂದೆನಲ್ಲ. ಮಳೆಗಾಲದಲ್ಲಿ ಇಲ್ಲಿ ಎಲ್ಲಾ ಬಾಗಿಲೂ ಹೀಗೇನೆ. ಸೊಂಟ ಗಟ್ಟಿ ಇರಬೇಕು. ತಾವೇನು ಕೆಲಸ ಮಾಡೋದು?"

"ಮರಗೆಲಸದ ಮೇಷ್ಟ್ರು."

ಅಜ್ಜಿ ನನ್ನ ಕೈಯಲ್ಲಿದ್ದ ಹಿಡಿಯನ್ನು ನೋಡಿದರು, ಬಾಗಿಲನ್ನು ನೋಡಿದರು.

"ಓಹೋ," ಎಂದರು.

ಹದಿನೆಂಟು ವರ್ಷದ ನನ್ನ ಸೇವೆಗೆ ಅಂಥ 'ಓಹೋ' ಯಾರೂ ಅಂದಿರಲಿಲ್ಲ. ಅವತ್ತು ಸಂಜೆಯೇ ಪೆಟ್ಟಿಗೆಯಿಂದ ಉಜ್ಜುಗೊರಡು ಹೊರತೆಗೆದೆ. ಹೆಂಡತಿಯ ಮಾತು ನೆನಪಿರಲಿಲ್ಲವೆಂದಲ್ಲ. ಆದರೆ ಅವಳು ಬೇಡವೆಂದದ್ದು ರಿಪೇರಿ. ನಾನು ಮಾಡುತ್ತಿದ್ದದ್ದು ಪ್ರಾಣರಕ್ಷಣೆ. ಬಾಗಿಲಿನ ಅಂಚನ್ನು ಕೀಸಿ ಕೀಸಿ, ಕಿರುಬೆರಳಲ್ಲಿ ಮುಟ್ಟಿದರೆ ತೆರೆಯುವ ಹಾಗೆ ಮಾಡಿದೆ. ಎದುರುಮನೆಯ ಅಜ್ಜಿಯನ್ನು ಕರೆದು ತೋರಿಸಿದೆ. ಅವರು ಮೂರು ಸಲ ತೆರೆದು ಮೂರು ಸಲ ಮುಚ್ಚಿ, "ನಮ್ಮದನ್ನೂ ಒಂಚೂರು ನೋಡ್ತೀರಾ ಮೇಷ್ಟ್ರೇ? ನನ್ನ ಸೊಂಟ ಇನ್ನೆಷ್ಟು ದಿನ ಬಂದೀತು?" ಎಂದರು.

ಆ ಮೇಷ್ಟ್ರೇ ಎನ್ನುವ ಶಬ್ದ ನನ್ನ ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತು! ಅಜ್ಜಿಯ ಮನೆಯಲ್ಲಿ ಮೂರು ಬಾಗಿಲು ಕೀಸಿದೆ. ಕೂರಲು ಕುರ್ಚಿ ಬಂತು, ಚಹಾ ಬಂತು, ತೀರಿಹೋದ ಯಜಮಾನರ ಕತೆ ಬಂತು. ಮಾರನೆಯ ದಿನ ಕೆಳಮನೆಯ ನಿವೃತ್ತ ರೈಲು ಡ್ರೈವರ್ ಮೆಟ್ಟಿಲಲ್ಲೇ ಕಾದಿದ್ದರು. ಅವರು ಅಡುಗೆಮನೆಯಿಂದ ಹಾಲಿಗೆ ಬರುವಾಗಲೂ ಎಡಕ್ಕೆ ಬಲಕ್ಕೆ ನೋಡಿಯೇ ಬರುವ ಮನುಷ್ಯ. ಅದರ ಮಾರನೆಯ ದಿನ ಮೇಲ್ಮನೆಯ ಹಲ್ಲಿನ ಡಾಕ್ಟರಮ್ಮ ಬಂದು, "ನಮ್ಮ ಬಚ್ಚಲಮನೆ ಬಾಗಿಲು ಬಾಯೇ ಬಿಡ್ತಿಲ್ಲ," ಎಂದು ದೂರಿದರು. ಮೂರೂ ಮನೆ, ನನ್ನದೂ ಸೇರಿ ಹದಿನೇಳು ಬಾಗಿಲು. ಪ್ರತಿ ಬಾಗಿಲಿಗೂ ಬೇಕಾದಷ್ಟು ಕೀಸಿದ ಮೇಲೆ, "ಇದು ವಿಶ್ವಾಸಕ್ಕೆ," ಎಂದು ಇನ್ನೆರಡು ಉಜ್ಜು ಉಜ್ಜುತ್ತಿದ್ದೆ.

ಈಗ ನಿಜ ಹೇಳಿಬಿಡುತ್ತೇನೆ. ಎಷ್ಟೋ ಬಾಗಿಲುಗಳಿಗೆ ಅಷ್ಟು ಕೀಸುವುದು ಬೇಕಿರಲಿಲ್ಲ. ಬೇಗ ಮುಗಿದರೆ ಎದ್ದು ನನ್ನ ಮನೆಗೆ ಹೋಗಬೇಕಾಗುತ್ತಿತ್ತು. ನನ್ನ ಮನೆಯಲ್ಲಿ ನಾನೂ ಬೆಲ್ಟಿನ ಮೇಲಿನ ಬೂಷ್ಟೂ ಎದುರುಬದುರು ಕೂರಬೇಕು. ಯಾರಾದರೂ "ಕೂತ್ಕೊಳ್ಳಿ ಮೇಷ್ಟ್ರೇ" ಎನ್ನಲಿ ಎನ್ನುವುದೇ ನನ್ನ ಆಸೆಯಾಗಿತ್ತು, ಉಜ್ಜುಗೊರಡು ಅದಕ್ಕೊಂದು ನೆಪ. ಫೋನಿನಲ್ಲಿ ಹೆಂಡತಿಗೆ ಎದುರುಮನೆಯ ಅಜ್ಜಿಯ ಸೊಂಟದವರೆಗೆ ಎಲ್ಲ ವರದಿ ಒಪ್ಪಿಸಿದೆ; ಬಾಗಿಲಿನ ಸುದ್ದಿಯೊಂದನ್ನು ಎತ್ತಲಿಲ್ಲ.

ಮಳೆಗಾಲ ಒಂದು ದಿನ ನಲ್ಲಿ ತಿರುಗಿಸಿದಂತೆ ನಿಂತಿತು. ಒಣಗಾಳಿ ಶುರುವಾಯಿತು. ಹತ್ತು ದಿನಕ್ಕೆ ನನ್ನ ತುಟಿ ಬಿರಿದು, ನಗಬೇಕಾದರೂ ಯೋಚಿಸಿ ನಗುವಂತಾಯಿತು. ಬಟ್ಟೆ ಗರಿಗರಿ ಒಣಗಿತು, ಉಪ್ಪು ಪುಡಿಯಾಯಿತು, ಬೂಷ್ಟು ತಾನಾಗಿ ಉದುರಿತು. ಅಂತೂ ಈ ಊರು ದಾರಿಗೆ ಬಂತಲ್ಲ ಎಂದು ಸಂತೋಷಪಟ್ಟು, ಕೇಂದ್ರಕ್ಕೆ ಹೊರಡಲು ಬಾಗಿಲಿಗೆ ಬೀಗ ಹಾಕಿದೆ. ಬೀಗದ ನಾಲಿಗೆ ಹೊರಗೆ ಬಂದು ಬರೀ ಗಾಳಿಯನ್ನು ನೆಕ್ಕಿತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ತೂರುತ್ತಿತ್ತು. ತೂರಿಸಿ ನೋಡಿದೆ, ಬೆವರಿದೆ. ಆ ಚಳಿಯಲ್ಲಿ ಊರಿಗೆಲ್ಲ ಬೆವರಿದವನು ನಾನೊಬ್ಬನೇ ಇರಬೇಕು.

ಎರಡು ಮೂರು ದಿನದಲ್ಲಿ ಇಡೀ ಕಟ್ಟಡ ಮಾತಾಡತೊಡಗಿತು. ಕೆಳಮನೆಯ ಬಾಗಿಲು ಗಾಳಿಗೆ ದಿನವಿಡೀ ಬಡಿದುಕೊಳ್ಳುತ್ತಿತ್ತು, ಒಂದೊಂದು ಬಡಿತಕ್ಕೂ ಡ್ರೈವರು ಬೋಗಿ ಜೋಡಿಸಿದರೆಂದು ಬೆಚ್ಚಿ ಏಳುತ್ತಿದ್ದರು. ಅಜ್ಜಿ ತಮ್ಮ ಬಾಗಿಲನ್ನು ಮಫ್ಲರಿನಿಂದ ಮಂಚದ ಕಾಲಿಗೆ ಕಟ್ಟಿಹಾಕಿದ್ದರು. ಡಾಕ್ಟರಮ್ಮನ ಬಚ್ಚಲಮನೆಯ ಬಾಗಿಲು ಮುಚ್ಚಿದರೆ ನಿಲ್ಲುತ್ತಲೇ ಇರಲಿಲ್ಲ. ಒಳಗಿದ್ದವರು ಗಟ್ಟಿಯಾಗಿ ಹಾಡುತ್ತಿರಬೇಕೆಂದು ಆ ಮನೆಯಲ್ಲಿ ಕಾನೂನು ಬಂತು. ಅವರ ಯಜಮಾನರಿಗೆ ಬರುತ್ತಿದ್ದುದು ಒಂದೇ ಹಾಡು, ಅದರಲ್ಲೂ ಎರಡೇ ಸಾಲು.

"ಮೇಷ್ಟ್ರೇ, ಕೀಸಿದ್ದನ್ನ ವಾಪಸ್ ಅಂಟಿಸೋಕಾಗುತ್ತಾ?" ಎಂದು ಅಜ್ಜಿ ತೀರ ಮುಗ್ಧವಾಗಿ ಕೇಳಿದರು.

ಬಾಗಿಲಿನ ಅಂಚಿಗೆ ಪಟ್ಟಿ ಹೊಡೆದು ಸರಿಮಾಡಬಹುದಿತ್ತು. ಹದಿನೇಳಕ್ಕೂ ಹೊಡೆಯಲು ಎರಡು ವಾರ ಬೇಕು. ಹೆಂಡತಿ ಬರಲು ಎರಡೇ ದಿನ ಉಳಿದಿತ್ತು, ವರ್ಗಾವಣೆಯ ಅರ್ಜಿಗೆ ಬರುವ ಸೋಮವಾರವೇ ಕೊನೆ ದಿನ. ನನ್ನ ಬಾಗಿಲಿನ ಸಂದಿಗೆ ಹಳೆಯ ಪೇಪರು ಮಡಿಸಿ ತುರುಕಿ, ದೇವರ ಮೇಲೆ ಭಾರ ಹಾಕಿದೆ.

ಅವಳು ಬಂದಳು. ನಾನು ಬಾಗಿಲು ತೆರೆದೊಡನೆ ಪೇಪರೆಲ್ಲ ಅವಳ ಪಾದದ ಮೇಲೆ ಉದುರಿತು. ಅವಳು ಏನೂ ಕೇಳಲಿಲ್ಲ. ಕೇಳದಿದ್ದರೆ ನನಗೆ ಇನ್ನೂ ಭಯ. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಕಂಬಳಿ ಹೊದ್ದು ಮೇಜಿನ ಮುಂದೆ ಕುಳಿತಳು.

"ಗಾಳಿ ಎಲ್ಲಿಂದ ಬರ್ತಿದೆ?"

"ಈ ಊರಿನ ಗಾಳೀನೇ ಹಾಗೆ. ಎಲ್ಲಿಂದ ಅಂತ ಹೇಳೋಕಾಗಲ್ಲ."

ಅಷ್ಟರಲ್ಲಿ ಹೊರಗೆ "ಮೇಷ್ಟ್ರೇ" ಎಂಬ ಕೂಗು ಕೇಳಿಸಿತು. ಮೂರು ಮನೆಯವರೂ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ನಾನು ಚಂಗನೆ ಹೊರಬಿದ್ದು, ಹಿಂದಿನಿಂದ ಬಾಗಿಲು ಎಳೆದುಕೊಂಡು, ಬಾಯಿಗೆ ಬೆರಳಿಟ್ಟೆ.

"ನಿನ್ನೆ ಪಟ್ಟಿ ಹೊಡೀತೀನಿ ಅಂದಿದ್ರಿ," ಎಂದರು ಡಾಕ್ಟರಮ್ಮ. "ನಮ್ಮನೆಯವರ ಗಂಟಲು ಬಿದ್ದುಹೋಗಿದೆ."

"ಮೆಲ್ಲಗೆ, ಮೆಲ್ಲಗೆ. ಒಳಗೆ ನನ್ನ ಹೆಂಡತಿ ಬಂದಿದಾಳೆ. ನಿಮಗೆ ಕೈ ಮುಗೀತೀನಿ, ನಾಲ್ಕು ದಿನ ಬಾಗಿಲಿನ ಮಾತು ಎತ್ತಬೇಡಿ."

"ಯಾಕೆ?" ಎಂದರು ಡ್ರೈವರು.

"ಅವಳು ಏನೂ ರಿಪೇರಿ ಮಾಡಬೇಡಿ ಅಂತ ಹೇಳಿ ಕಳಿಸಿದ್ದಳು. ಈ ಅವಾಂತರ ನೋಡಿದ್ರೆ ಈ ಊರೂ ಬೇಡ, ಈ ಗಂಡನೂ ಬೇಡ ಅಂತ ಹೊರಟುಬಿಡ್ತಾಳೆ. ಅರ್ಜಿ ಹಾಕಲ್ಲ. ಅವಳ ಮುಂದೆ ನಾನು ಹುಲಿ ಹಾಗೆ ಮಾತಾಡಿ ಬಂದವನು. ಆದ್ರೆ ಒಬ್ಬನೇ ಇರೋದು ನನ್ನ ಕೈಲಿ ಆಗ್ತಿಲ್ಲ ಅಜ್ಜೀ. ಮನೆಗೆ ಬಂದು ಬೀಗ ತೆಗೆದಾಗ ದಿನಾ, ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ರೂ ಚಪ್ಪಲಿ ಬಿಡ್ತಾ 'ಬಂದೆ' ಅಂತೀನಿ."

ಡ್ರೈವರು ಅಭ್ಯಾಸದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, "ನಾಲ್ಕು ದಿನ ತಾನೆ, ಹಾಡಿಸ್ತೀನಿ ಬಿಡಿ," ಎಂದರು. ಅಜ್ಜಿ ಮಾತ್ರ ನನ್ನ ಹೆಗಲಿನಾಚೆ ಬಾಗಿಲ ಸಂದಿಯನ್ನೇ ನೋಡುತ್ತಿದ್ದರು.

ಗೆದ್ದವನಂತೆ ಒಳಗೆ ಬಂದು ಬಾಗಿಲು ಹಾಕಿದೆ. ಹೆಂಡತಿ ತಲೆಯೆತ್ತದೆ ಏನೋ ಕಾಗದ ಬಿಡಿಸುತ್ತಿದ್ದಳು.

"ಮರ ಯಾವಾಗ ಉಬ್ಬುತ್ತೆ, ಯಾವಾಗ ಕುಗ್ಗುತ್ತೆ? ಕಾರಣಸಹಿತ ವಿವರಿಸಿ. ಐದು ಅಂಕ," ಎಂದಳು.

ಆ ಪ್ರಶ್ನೆಯನ್ನು ಹದಿನೆಂಟು ವರ್ಷ ಪ್ರತಿ ಪರೀಕ್ಷೆಗೂ ಕೊಟ್ಟವನು ನಾನು. ಉತ್ತರಪತ್ರಿಕೆಗಳ ಅಂಕ ಕೂಡಿಸಿಕೊಟ್ಟವಳು ಅವಳು.

"ಗಾಳಿಯ ತೇವ ಹೀರಿ ಮಳೆಗಾಲದಲ್ಲಿ ಉಬ್ಬುತ್ತೆ. ಒಣಹವೆಯಲ್ಲಿ ತೇವ ಬಿಟ್ಟು ಕುಗ್ಗುತ್ತೆ," ಎಂದು ತಲೆ ತಗ್ಗಿಸಿ ಒಪ್ಪಿಸಿದೆ.

"ಆದ್ದರಿಂದ?"

"ಆದ್ದರಿಂದ ಮಳೆಗಾಲದಲ್ಲಿ ಕೀಸಬಾರದು." ಒಣ ಊರಿನಲ್ಲಿ ಹುಟ್ಟಿ ಒಣ ಊರಿನಲ್ಲಿ ಪಾಠ ಹೇಳಿದವನು ನಾನು. ಹೇಳಿಕೊಟ್ಟಿದ್ದೆನೇ ಹೊರತು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. "ನಿನಗೆ ಹೇಗೆ ಗೊತ್ತಾಯ್ತು?"

"ಅಷ್ಟಗಲ ಸಂದಿ ಬಿಟ್ಟು ಅದರ ಮುಂದೆ ನಿಂತು ಪಿಸುಗುಟ್ಟಿದ್ರೆ ಯಾರಿಗೆ ಕೇಳಲ್ಲ? ಹುಲಿ ಅಂದದ್ದೂ ಕೇಳಿಸ್ತು. ಚಪ್ಪಲಿ ಬಿಡ್ತಾ 'ಬಂದೆ' ಅನ್ನೋದೂ ಕೇಳಿಸ್ತು." ಅವಳು ಪೆನ್ನಿನ ಮುಚ್ಚಳ ತೆಗೆದಳು. "ಫೋನಲ್ಲಿ ಒಂದು ದಿನ ಆದ್ರೂ ಇದನ್ನ ಹೇಳಬಾರದಾ?"

ನನಗೆ ಅಳು ಬರುವಂತಾಯಿತು. ಅಳಲಿಲ್ಲ, ತುಟಿ ಬಿರಿದಿತ್ತು. ಅವಳ ಕೈಯಲ್ಲಿದ್ದ ಕಾಗದದ ಕಡೆ ನೋಡಿದೆ. ವರ್ಗಾವಣೆಯ ಅರ್ಜಿ. ಹೆಸರು, ಹುದ್ದೆ, ಬೇಕಾದ ಊರು, ಎಲ್ಲವನ್ನೂ ತುಂಬಿಸಿಯಾಗಿತ್ತು. ಕೆಳಗೆ ಹಾಕಿದ್ದ ತಾರೀಖು ಹದಿನೈದು ದಿನ ಹಿಂದಿನದು. ಬಂದು ನೋಡಿ ತೀರ್ಮಾನ ಮಾಡುತ್ತೇನೆಂದವಳು ಅಲ್ಲಿಂದಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

"ಕಾರಣ ಅನ್ನೋ ಕಾಲಂ ಒಂದು ಖಾಲಿ ಇತ್ತು," ಎಂದಳು. "ಏನು ಬರೀಬೇಕು ಅಂತ ಹೊಳೀತಾ ಇರಲಿಲ್ಲ. ಈಗ ಹೊಳೀತು."

ಬರೆದುಕೊಳ್ಳುತ್ತ ಗಟ್ಟಿಯಾಗಿಯೇ ಓದಿದಳು: "ನನ್ನ ಗಂಡನನ್ನು ಒಬ್ಬರನ್ನೇ ಬಿಟ್ಟರೆ ಕಟ್ಟಡಕ್ಕೆ ಅಪಾಯ."

"ಹಾಗೇ ಬರೀರಮ್ಮ," ಎಂದಿತು ಹೊರಗಿನಿಂದ ಎದುರುಮನೆಯ ಅಜ್ಜಿಯ ದನಿ. "ಸಾಕ್ಷಿಗೆ ನಾವು ಮೂರು ಮನೆಯೋರೂ ಇದೀವಿ."

ನಾನು ಸಿಟ್ಟಿನಿಂದ ಬಾಗಿಲು ಹಾಕಲೆಂದು ಎದ್ದೆ. ಅದು ಹಾಕಿಯೇ ಇತ್ತು.