ಸಮಾನತೆಯ ಸೊಂಟದಳತೆ

ನನ್ನ ಹೆಂಡತಿ ನನಗೆ ಹೊಲಿಗೆ ಬಿಚ್ಚಿದ ಕೂಲಿ ಇನ್ನೂ ಕೊಟ್ಟಿಲ್ಲ. ಮೂರು ಕಾರ್ಖಾನೆಗಳ ಆಡಳಿತವನ್ನು ಗೇಟಿನ ಹೊರಗೆ ಕರೆತಂದು ಬಿಸಿಲಲ್ಲಿ ನಿಲ್ಲಿಸಿ ಬಾಕಿ ವಸೂಲಿ ಮಾಡಿದ ಮನುಷ್ಯ ನಾನು. ಲಾಠಿ ತಿಂದಿದ್ದೇನೆ, ಲಾಕಪ್ಪಿನ ತಿಗಣೆಗಳಿಗೆ ರಕ್ತದಾನ ಮಾಡಿದ್ದೇನೆ. ಆದರೆ ಅಡುಗೆಮನೆಗೂ ಹೊಲಿಗೆ ಮೆಷಿನ್ನಿಗೂ ನಡುವೆ ಓಡಾಡುವ ಈ ಒಂದು ಆಡಳಿತದ ಮುಂದೆ ನನ್ನ ಬೇಡಿಕೆ ಇನ್ನೂ ‘ಪರಿಶೀಲನೆಯಲ್ಲಿದೆ’. ಯಾಕೆ ಅಂತ ಹೇಳುತ್ತೇನೆ. ಕೇಳಿದ ಮೇಲೆ ನಿಮ್ಮಿಂದಲೂ ಒಂದು ಕೆಲಸ ಆಗಬೇಕಿದೆ.

ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಮೆಷಿನ್ ಮೇಲೆ ಅವಳು ಮತ್ತು ಇಬ್ಬರು ಹೆಂಗಸರು, ಬಟ್ಟೆ ಕತ್ತರಿಸಲು ಅವಳ ತಮ್ಮ. ಈ ಬಾಮೈದನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಕಾರ್ಖಾನೆಯ ದೊಡ್ಡ ಮುಷ್ಕರದಲ್ಲಿ ನಾವೆಲ್ಲ ಮುಂದಿನ ಗೇಟಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾಗ, ಹಿಂದಿನ ಗೇಟಿನಿಂದ ನುಸುಳಿ ಹಾಜರಿ ಹಾಕಿಸಿಕೊಂಡ ಮಹಾಶಯ ಇವನು. ಅಂದಿನಿಂದ ಅವನು ಸರಿಯಾಗಿ ಹೇಳಿದರೂ ನನ್ನ ಕಿವಿಗೆ ಅದು ತಪ್ಪೇ.

ಇತ್ತೀಚೆಗೆ ಒಂದು ದೊಡ್ಡ ಆರ್ಡರು ಬಂತು. ಎತ್ತರದ ಕಟ್ಟಡವೊಂದರ ಕಾವಲುಗಾರರಿಗೆ ಪ್ಯಾಂಟು. ಸರಿಹೋದರೆ ವರ್ಷವಿಡೀ ಕೆಲಸ. ಕೆಟ್ಟರೆ ಆರ್ಡರು ಬೀದಿ ಕೊನೆಯ ದೊಡ್ಡ ಅಂಗಡಿಗೆ, ಆ ಇಬ್ಬರು ಹೆಂಗಸರು ಕೆಲಸ ಬಿಟ್ಟು ಮನೆಗೆ.

ಅಳತೆಗಳೆಲ್ಲ ಕಂಪ್ಯೂಟರಿನಲ್ಲಿ. ಅದರೊಳಗೆ ಎರಡು ಪ್ರೋಗ್ರಾಂ ಪಕ್ಕಪಕ್ಕದಲ್ಲೇ ಓಡುತ್ತಿರುತ್ತವೆ. ಒಂದು ಲೆಕ್ಕದ ಹಾಳೆ, ಅದರಲ್ಲಿ ಯಾರ ಸೊಂಟ ಎಷ್ಟು ಅಂತ ಇರುತ್ತದೆ. ಇನ್ನೊಂದು ನಕ್ಷೆ ಬಿಡಿಸುವುದು. ಸೊಂಟ ಇಷ್ಟು ಅಂದರೆ ಹೊಲಿಗೆಗೂ ಸಡಿಲಕ್ಕೂ ಅಂತ ತಾನೇ ಎರಡಿಂಚು ಸೇರಿಸಿ, ಬಟ್ಟೆ ಹೀಗೆ ಕತ್ತರಿಸು ಎಂದು ಕಾಗದದ ಮೇಲೆ ಗೀಚಿ ಕೊಡುತ್ತದೆ. ಆದರೆ ಒಂದಕ್ಕೊಂದು ಮಾತಿಲ್ಲ, ಕತೆಯಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರ ಹಾಗೆ. ಇದರಲ್ಲಿರುವ ಅಂಕಿಯನ್ನು ನನ್ನ ಹೆಂಡತಿ ಓದಿ, ಅದರಲ್ಲಿ ಮತ್ತೆ ಬರೆಯಬೇಕು. ನನ್ನ ಕಣ್ಣೆದುರು ಇಂಥ ದುಪ್ಪಟ್ಟು ದುಡಿಮೆ!

“ಇನ್ನು ಮೇಲೆ ನೀನು ಒಂದು ಅಂಕಿಯನ್ನೂ ಎರಡು ಸಲ ಬರೆಯಬೇಕಾಗಿಲ್ಲ,” ಎಂದು ಘೋಷಿಸಿದೆ.

“ಬರೆಯೋದರಲ್ಲಿ ನನಗೇನೂ ಕಷ್ಟ ಇಲ್ಲರೀ.”

“ಕಷ್ಟ ಇದೆ ಅಂತಲೇ ಗೊತ್ತಾಗದ ಹಾಗೆ ಮಾಡೋದನ್ನೇ ಶೋಷಣೆ ಅನ್ನೋದು.”

“ಶೋಷಣೆ ಆಮೇಲೆ ನೋಡೋಣ. ಕಾಲೆತ್ತಿ, ಗುಡಿಸಬೇಕು.”

ಕಾಲೆತ್ತಿದೆ. ಛಲ ಬಿಡಲಿಲ್ಲ. ಮರುದಿನ ಅವಳು ಗುಂಡಿ, ಜಿಪ್ಪು, ನೂಲು ಅಂತ ಅಂಗಡಿ ಸುತ್ತಲು ಹೋದದ್ದೇ ತಡ, ಕಂಪ್ಯೂಟರ್ ಮುಂದೆ ಕೂತು ಉಪಾಯ ಹುಡುಕಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭ. ಹಾಳೆಯಿಂದ ಅಳತೆಯನ್ನು ನಕಲು ಮಾಡಿ, ನಕ್ಷೆಯಲ್ಲಿ ಅಂಟಿಸುವಾಗ ‘ಕೊಂಡಿ ಹಾಕಿ ಅಂಟಿಸು’ ಎಂದರೆ ಸಾಕು. ಆಮೇಲೆ ಇಲ್ಲಿ ಬದಲಾಯಿಸಿದ್ದು ಅಲ್ಲೂ ತಾನಾಗಿ ಬದಲಾಗುತ್ತದೆ. ಆದರೆ ಅಲ್ಲೇ ಕೆಳಗೆ ವಿವರಣೆಯಲ್ಲಿ ಏನು ಬರೆದಿತ್ತು ಗೊತ್ತೇ? ಅಂಕಿ ಕೊಡುವ ಕಡತ ಒಡೆಯನಂತೆ, ತೆಗೆದುಕೊಳ್ಳುವ ಕಡತ ಅನುಚರನಂತೆ. ಅನುಚರ ತಿರುಗಿ ಏನೂ ಹೇಳುವ ಹಾಗಿಲ್ಲವಂತೆ.

ನನ್ನ ಮೈಯೆಲ್ಲ ಉರಿದುಹೋಯಿತು. ಹೊರಗೆ ಇಡೀ ಆಯುಷ್ಯ ಒಡೆಯರ ವಿರುದ್ಧ ಬಡಿದಾಡಿ, ಈಗ ನನ್ನ ಮನೆಯ ಮೇಜಿನ ಮೇಲೇ ಒಡೆತನ ಸಾಕಲೇ? ನಕ್ಷೆಯ ಕಡೆಯಿಂದಲೂ ಹಾಳೆಗೆ ತಿರುಗಿ ಒಂದು ಕೊಂಡಿ ಬಿಗಿದೆ. ಇಬ್ಬರೂ ಸಮಾನರು, ಇಬ್ಬರಿಗೂ ಮಾತಿನ ಹಕ್ಕು. ತಕ್ಷಣ ಪರದೆಯ ಮೇಲೆ ಬಂತು: ‘ಎಚ್ಚರಿಕೆ: ಈ ಲೆಕ್ಕ ಸುತ್ತಿ ತನ್ನಲ್ಲಿಗೇ ಬರುತ್ತಿದೆ. ಮುಂದುವರಿಯಬೇಕೇ?’

ನನಗೆ ಎಚ್ಚರಿಕೆ ನೋಟೀಸು! ಅಂಥವನ್ನು ಎಷ್ಟು ಹರಿದು ಗಾಳಿಗೆ ತೂರಿಲ್ಲ ನಾನು? ‘ಹೌದು’ ಒತ್ತಿದೆ.

ಅಲ್ಲಿಂದ ಮುಂದೆ ಕಂಪ್ಯೂಟರ್ ತೆರೆದಾಗಲೆಲ್ಲ ಅದು ‘ಹೊಸ ಅಂಕಿ ತರಲೇ?’ ಎಂದು ಕೇಳುವುದು, ನಾನು ಗತ್ತಿನಿಂದ ‘ತಾ’ ಎನ್ನುವುದು. ಹಳೆಯ ಸಂಗಾತಿಗಳು ಚಹಾಕ್ಕೆ ಬಂದಾಗ ಅವರಿಗೂ ತೆರೆದು ತೋರಿಸಿದೆ, ಮುಚ್ಚಿ ಮತ್ತೊಮ್ಮೆ ತೆರೆದು ತೋರಿಸಿದೆ. ಅವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ಸಂಘಟನೆ ಅಂದರೆ ಹಾಗಿರಬೇಕು.

ಮೂರ್ನಾಲ್ಕು ದಿನ ಕಳೆದಿರಬೇಕು, ಬಾಮೈದ ನಕ್ಷೆ ಹಿಡಿದುಕೊಂಡು ಬಂದ.

“ಭಾವ, ಈ ಕಡ್ಡಿ ಅನ್ನೋ ಕಾವಲುಗಾರನ ಸೊಂಟ ನಲವತ್ತಾರು ಅಂತಿದೆ. ನಿನ್ನೆ ನಲವತ್ತಿತ್ತು.”

“ನಿನ್ನೆ ಊಟಕ್ಕೆ ಮುಂಚೆ ನೋಡಿರಬೇಕು ನೀನು.”

“ಕಡ್ಡಿ ಅಂತ ಕರೀತಾರಲ್ಲ ಭಾವ ಅವನನ್ನ?”

“ವ್ಯಂಗ್ಯಕ್ಕೆ ಕರೀತಾರೆ.”

“ಎಲ್ಲರದೂ ಆರಿಂಚು ಏರಿದೆ. ಎಲ್ಲರೂ ಒಟ್ಟಿಗೇ ಊಟ ಮಾಡಿದ್ರಾ?”

“ದುಡಿಯೋನ ಹೊಟ್ಟೆ ತುಂಬಿದ್ದು ಕಂಡರೆ ನಿನಗ್ಯಾಕಯ್ಯಾ ಹೊಟ್ಟೆಯುರಿ? ಹಿಂದಿನ ಗೇಟಿನ ಬುದ್ಧಿ ಬಿಟ್ಟು ಕತ್ತರಿಸು.”

ಅವನು ಕತ್ತರಿ ತೆಗೆದುಕೊಂಡು ಹೋಗಿ ಕೂತ. ನಾನು ಗೆದ್ದೆ.

ಶನಿವಾರ ಬೆಳಿಗ್ಗೆ ಹಾಕಿ ನೋಡಲು ಆ ಕಡ್ಡಿ ಬಂದ. ನಿಜಕ್ಕೂ ಕಡ್ಡಿಯೇ. ಪರದೆಯ ಹಿಂದೆ ಹೋಗಿ ತುಂಬಾ ಹೊತ್ತಾದರೂ ಬರಲಿಲ್ಲ. ಆಮೇಲೆ ಸಂಕೋಚದ ದನಿಯೊಂದು ಕೇಳಿಸಿತು: “ಅಮ್ಮಾ, ಇದರಲ್ಲಿ ಇನ್ನೂ ಒಬ್ಬರು ಬರಬೇಕಿತ್ತಾ?”

ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು ಹೊರಬಂದ. ನನ್ನ ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಅವರ ಮೇಲ್ವಿಚಾರಕ ಬಾಗಿಲಲ್ಲಿ ಕಾಣಿಸಿಕೊಂಡ. ಕಡ್ಡಿ ಶಿಸ್ತಿನ ಮನುಷ್ಯ, ಕಾಲು ಜೋಡಿಸಿ ಸೆಲ್ಯೂಟ್ ಹೊಡೆದ. ಸೆಲ್ಯೂಟ್ ಮೇಲೆ ಹೋಯಿತು, ಪ್ಯಾಂಟು ಕೆಳಗೆ ಹೋಯಿತು. ಹೊಲಿಗೆಯ ಹೆಂಗಸರಿಬ್ಬರೂ ಗೋಡೆ ಕಡೆ ತಿರುಗಿದರು. ಭುಜ ಮಾತ್ರ ಕುಲುಕುತ್ತಿದ್ದವು.

ಮೇಲ್ವಿಚಾರಕ ನಗಲಿಲ್ಲ. “ಸೋಮವಾರ ಬೆಳಿಗ್ಗೆ ಇವರೆಲ್ಲ ಹೊಸ ಪ್ಯಾಂಟಲ್ಲಿ ನಿಂತಿರಬೇಕು. ಆಗದಿದ್ದರೆ ಈಗಲೇ ಹೇಳಿಬಿಡಿ ಅಮ್ಮಾ, ಬೀದಿ ಕೊನೆಯ ಅಂಗಡಿ ತೆರೆದೇ ಇದೆ.”

ಹೆಂಗಸರ ಭುಜ ಕುಲುಕುವುದು ನಿಂತಿತು.

“ಆಗುತ್ತೆ,” ಅಂದಳು ನನ್ನ ಹೆಂಡತಿ.

ಮೇಲ್ವಿಚಾರಕ ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತಳು. ಹಾಳೆ ತೆರೆದಳು. ಕಡ್ಡಿಯ ಸೊಂಟ ಐವತ್ತೆರಡು. ಮುಚ್ಚಿ ತೆರೆದಳು. ಐವತ್ತನಾಲ್ಕು. ತಿರುಗಿ ನನ್ನನ್ನು ನೋಡಿದಳು.

“ಏನ್ರೀ ಮಾಡಿದ್ರಿ?”

ಹೇಳಿದೆ. ಸಮಾನತೆ ಎಂಬಲ್ಲಿ ದನಿ ಸ್ವಲ್ಪ ತಗ್ಗಿತು.

“ಹಾಳೆ ಇಪ್ಪತ್ತೆಂಟು ಅಂತು. ನಕ್ಷೆ ಎರಡು ಸೇರಿಸಿ ಮೂವತ್ತು ಅಂತು. ನೀವು ಆ ಮೂವತ್ತನ್ನ ತಿರುಗಿ ಹಾಳೆಗೇ ಹೇಳಿಸಿದಿರಿ. ಮುಂದಿನ ಸಲ ಅದು ಮೂವತ್ತು ಅಂದರೆ ಇದು ಮೂವತ್ತೆರಡು ಅನ್ನುತ್ತೆ. ಅಲ್ಲರೀ, ನಿಮ್ಮ ಮೆರವಣಿಗೆಯಲ್ಲಿ ಒಬ್ಬ ಕೂಗ್ತಾನೆ, ಉಳಿದೋರು ತಿರುಗಿ ಕೂಗ್ತಾರೆ. ಅವರು ಕೂಗಿದ್ದು ಕೇಳಿ ಇವನು ಪ್ರತಿ ಸಲ ಬೇಡಿಕೆ ಏರಿಸ್ತಾ ಹೋದರೆ ಗತಿಯೇನು?”

ಅದಕ್ಕೇ ಹೋರಾಟದ ಬೆಳವಣಿಗೆ ಅನ್ನೋದು ಎಂದು ನಾಲಿಗೆ ತುದಿಗೆ ಬಂತು. ಕೇಳಿದ್ದು ಮಾತ್ರ ಬೇರೆ.

“ಹಾಗಾದರೆ ಅಳತೆ ಎಲ್ಲಾ ಹಾಳಾಯ್ತಾ?”

“ಇಲ್ಲ. ನಿಮ್ಮ ಸಮಾನತೆ ಅಷ್ಟಾದರೂ ಉಪಕಾರ ಮಾಡಿದೆ. ಎಲ್ಲರಿಗೂ ಸಮನಾಗಿ ಏರಿದೆ, ಸಮನಾಗಿ ಇಳಿಸಿದರಾಯ್ತು.” ಟೇಪು ತೆಗೆದು ಖಾತ್ರಿಗೆಂದು ಕಡ್ಡಿಯ ಸೊಂಟ ಅಳೆದಳು. ಇಪ್ಪತ್ತೆಂಟು. ಹಾಳೆಯಲ್ಲಿದ್ದ ಅಷ್ಟೂ ಜನರಿಂದ ಇಪ್ಪತ್ತಾರಿಂಚು ಕಳೆದಳು. ನನ್ನ ಎರಡನೇ ಕೊಂಡಿಯನ್ನು ಕಿತ್ತೆಸೆದಳು. ಒಂದನೆಯದನ್ನು ಉಳಿಸಿಕೊಂಡಳು, ಇದನ್ನು ಗಮನಿಸಬೇಕು.

“ಅಂಕಿ ಸರಿ. ಬಟ್ಟೆ? ಎಲ್ಲಾ ಕತ್ತರಿಸಿ ಆಯ್ತಲ್ಲ,” ಎಂದು ತಮ್ಮನ ಕಡೆ ತಿರುಗಿದಳು.

ಬಾಮೈದ ಬಗ್ಗಿ ಮೇಜಿನಡಿಯಿಂದ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಹೊರಗೆಳೆದ. ಕತ್ತರಿ ಸೋಕಿರಲಿಲ್ಲ.

“ಭಾವ ಗದರಿದ ದಿನ ಒಂದೇ ಥಾನು ಕತ್ತರಿಸಿದ್ದು ಅಕ್ಕ. ಉಳಿದದ್ದು ಹಾಗೇ ಇದೆ.”

“ಕತ್ತರಿ ಹಿಡಿದು ಕೂತಿದ್ದೆಯಲ್ಲೋ!” ಎಂದೆ ನಾನು.

“ಕೂತಿದ್ದೆ. ಆ ಒಂದರ ಮೇಲೆ ಕತ್ತರಿಸಲಿಲ್ಲ. ಬಾಯಲ್ಲಿ ಹೇಳಿದ್ದು ನೀವು ಕೇಳಲಿಲ್ಲ, ಅದಕ್ಕೇ ಮುಷ್ಕರ ಮಾಡಿದೆ ಭಾವ. ಮುಂದಿನ ಕೋಣೆಯಲ್ಲೇ.”

“ನಿಮ್ಮ ಮುಷ್ಕರಗಳಲ್ಲಿ ಇಷ್ಟು ಪೂರ್ತಿಯಾಗಿ ಗೆದ್ದದ್ದು ಯಾವುದಾದರೂ ಇದೆಯೇನ್ರೀ?” ಎಂದು ಕೇಳಿದಳು ಹೆಂಡತಿ. ನಾನು ಬಿಚ್ಚಬೇಕಾದ ಪ್ಯಾಂಟುಗಳನ್ನು ಎಣಿಸತೊಡಗಿದೆ.

ಭಾನುವಾರವೂ ಮೆಷಿನ್‌ಗಳು ಓಡಿದವು. ಅಷ್ಟರಲ್ಲಿ ಹೊಲಿದಾಗಿದ್ದ ಪ್ಯಾಂಟುಗಳ ಹೊಲಿಗೆ ಬಿಚ್ಚುವ ಕೆಲಸ ನನಗೆ ಬಿತ್ತು. ಬೆನ್ನು ಬಿಲ್ಲಾಯಿತು, ಬೆರಳು ಬೋಳಾಯಿತು. ಕಿರಿದು ಮಾಡಿದ ಕೆಲವದರಲ್ಲಿ ಹಿಂದಿನ ಎರಡು ಜೇಬುಗಳು ರಾಜಿಯಾದ ದಾಯಾದಿಗಳ ಹಾಗೆ ತಬ್ಬಿಕೊಂಡವು. ಆದರೂ ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಕಡ್ಡಿ ಸೆಲ್ಯೂಟ್ ಹೊಡೆದ, ಏನೂ ಬೀಳಲಿಲ್ಲ. ವರ್ಷದ ಆರ್ಡರು ನಮ್ಮದಾಯಿತು. ಆ ಇಬ್ಬರು ಹೆಂಗಸರು ಈಗಲೂ ಮೆಷಿನ್ ತುಳಿಯುತ್ತಿದ್ದಾರೆ. ನನ್ನನ್ನು ಕಂಡರೆ ಗೋಡೆ ಕಡೆ ತಿರುಗುತ್ತಾರೆ.

ಉಳಿದದ್ದು ಏಳು ಪ್ಯಾಂಟು. ಮೊದಲೇ ದಢೂತಿಯಾಗಿದ್ದ ಏಳು ಜನರಿಗೆ ಕತ್ತರಿಸಿದ್ದವು, ಸೊಂಟ ಸುಮಾರು ಐವತ್ತೆಂಟು. ಕಿರಿದು ಮಾಡಲು ಹೋದರೆ ಜೇಬು ಮೊಣಕಾಲಿಗೆ ಬರುತ್ತದೆ.

“ಹೊಲಿಗೆ ಬಿಚ್ಚಿದ ಕೂಲಿ ಕೊಡು,” ಎಂದು ಕೇಳಿದೆ.

“ಆ ಏಳನ್ನೂ ಮಾರಿ. ಬಟ್ಟೆಯ ನಷ್ಟ ಕಳೆದು ಉಳಿದದ್ದು ನಿಮ್ಮದು.”

“ಇದು ಕಾನೂನುಬಾಹಿರ. ನೋಟೀಸು ಕೊಡ್ತೀನಿ.”

“ಕೊಡಿ. ಹರಿದು ಹಾಕ್ತೀನಿ.”

ಈಗ ನಿಮ್ಮ ಕಡೆ ಬರುತ್ತೇನೆ. ಇಷ್ಟು ಹೊತ್ತು ಕೂತು ಪುಕ್ಕಟೆ ನಕ್ಕಿದ್ದೀರಿ. ನಿಮ್ಮಲ್ಲಿ ಸೊಂಟ ಐವತ್ತೆಂಟು ಇರುವವರು ಹೊಟ್ಟೆ ಒಳಗೆಳೆದುಕೊಂಡು ತಪ್ಪಿಸಿಕೊಳ್ಳಬೇಡಿ. ನಾಳೆಯೇ ಬನ್ನಿ, ಮುಂದಿನ ಬಾಗಿಲಿನಿಂದಲೇ ಬನ್ನಿ, ಒಂದೊಂದು ಪ್ಯಾಂಟು ಕೊಂಡು ನನ್ನ ಕೂಲಿ ಬಿಡಿಸಿ. ಅಷ್ಟು ಸೊಂಟ ಇಲ್ಲದವರು ಇಬ್ಬಿಬ್ಬರಾಗಿ ಬನ್ನಿ. ಒಗ್ಗಟ್ಟಿನಲ್ಲಿ ಬಲವಿದೆ.